ಗಾಳಿಕಂಡಿಯ ಚರಿತ್ರೆ: ಸಂಡೂರು ಸೀಮೆಯ ಕಟ್ಟಿಗೆಯ ಒಲೆಯನ್ನು ಕುರಿತು ಒಂದು ವಿವೇಚನೆ

1. ಪೀಠಿಕೆ

ರಾಜವಂಶಗಳ ಏಳುಬೀಳುಗಳನ್ನೂ ಕೋಟೆಕೊತ್ತಲಗಳ ನಿರ್ಮಾಣವನ್ನೂ ಕುರಿತು ನಮ್ಮ ಇತಿಹಾಸಕಾರರು ವಿಪುಲವಾಗಿ ಬರೆದಿದ್ದಾರೆ. ಆ ರಾಜರಿಗೂ ಆ ಕೋಟೆಯ ಕಾವಲುಗಾರರಿಗೂ ದಿನದಿನವೂ ಅನ್ನವನ್ನು ಬೇಯಿಸಿಕೊಟ್ಟ ಒಲೆಯನ್ನು ಕುರಿತು ಬರೆದವರು ವಿರಳ. ಶಾಸನಗಳಲ್ಲಿ ಭೂದಾನದ ವಿವರವುಂಟು, ಕೆರೆಕಟ್ಟೆಗಳಿಗೆ ಬಿಟ್ಟ ದತ್ತಿಯ ವಿವರವುಂಟು, ನಂದಾದೀಪದ ಎಣ್ಣೆಗಾಗಿ ಗೊತ್ತುಮಾಡಿದ ಲೆಕ್ಕವುಂಟು. ಸಾಮಾನ್ಯರ ಅಡಿಗೆಮನೆಯಲ್ಲಿ ಎಷ್ಟು ಕಟ್ಟಿಗೆ ಉರಿಯಿತು, ಅದನ್ನು ಯಾರು ಎಷ್ಟು ದೂರದಿಂದ ಹೊತ್ತು ತಂದರು ಎಂಬ ಲೆಕ್ಕ ಮಾತ್ರ ಕಾಣಸಿಗುವುದು ದುರ್ಲಭ. ಲೆಕ್ಕವಿಲ್ಲದುದಕ್ಕೆ ಚರಿತ್ರೆಯಿಲ್ಲವೆಂದು ಭಾವಿಸುವುದು ನಮ್ಮ ಶಾಸ್ತ್ರದ ಹಳೆಯ ದೌರ್ಬಲ್ಯ.

ಪ್ರಸ್ತುತ ಲೇಖನದಲ್ಲಿ ಒಲೆಯ ಒಂದು ಸಣ್ಣ ಅಂಗದ ಚರಿತ್ರೆಯನ್ನು ವಿವೇಚಿಸುವುದು ನಮ್ಮ ಉದ್ದೇಶ. ಅದು ಉರಿಗೆ ಗಾಳಿಯನ್ನು ಒದಗಿಸುವ ದಾರಿ, ಎಂದರೆ ಗಾಳಿಕಂಡಿ. ಈ ಕಂಡಿಯನ್ನು ಹಿಗ್ಗಿಸಿ, ಕುಗ್ಗಿಸಿ, ಅದರ ಸ್ಥಳವನ್ನು ಬದಲಾಯಿಸಿ ಕಟ್ಟಿಗೆಯು ಚೆನ್ನಾಗಿ ಉರಿಯುವಂತೆ ಮಾಡಲು ನಡೆದ ಪ್ರಯತ್ನಗಳಲ್ಲಿ ಕರ್ಣಾಟಕದ ಪಾಲು ಗಣ್ಯವಾದುದು. ಈ ವಿಚಾರಕ್ಕೆ ನೆಲೆಯಾಗಿ ಸಂಡೂರು ತಾಲ್ಲೂಕಿನ ಚೋರನೂರನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಹೋಬಳಿಯ ಮುಖ್ಯಗ್ರಾಮವಾದ ಚೋರನೂರು ಕಬ್ಬಿಣದ ಅದುರಿಗೆ ಪ್ರಸಿದ್ಧವಾದ ಬೆಟ್ಟಗಳ ಸೀಮೆಗೆ ಸೇರಿದೆ. ಕಬ್ಬಿಣವನ್ನು ಕರಗಿಸುವ ಕುಲುಮೆಯೂ ರೊಟ್ಟಿಯನ್ನು ಸುಡುವ ಒಲೆಯೂ ಶತಮಾನಗಳ ಕಾಲ ಒಂದೇ ಸೀಮೆಯಲ್ಲಿ ಉರಿದವು. ಅವೆರಡಕ್ಕೆ ಗಾಳಿ ದೊರೆತ ಬಗೆ ಮಾತ್ರ ಒಂದೇ ಆಗಿರಲಿಲ್ಲ. ಈ ವ್ಯತ್ಯಾಸವೇಕೆ ಉಂಟಾಯಿತೆಂಬುದು ನಮ್ಮ ಮುಖ್ಯ ಪ್ರಶ್ನೆ.

2. ಉರಿಯ ಸ್ವರೂಪ

ಚರಿತ್ರೆಯನ್ನು ಪ್ರವೇಶಿಸುವ ಮುನ್ನ ಕಟ್ಟಿಗೆಯು ಉರಿಯುವ ಕ್ರಮವನ್ನು ಸ್ವಲ್ಪದರಲ್ಲಿ ಹೇಳುವುದು ಅಗತ್ಯ. ಕಟ್ಟಿಗೆಯು ಕಾದಾಗ ಮೊದಲು ಅದರೊಳಗಣ ನೀರು ಆವಿಯಾಗಿ ಹೋಗುತ್ತದೆ. ಆದುದರಿಂದಲೇ ಹಸಿಕಟ್ಟಿಗೆಯ ಶಾಖದಲ್ಲಿ ಒಂದು ಭಾಗ ಅದರ ನೀರನ್ನು ಒಣಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಅನಂತರ ಕಟ್ಟಿಗೆಯು ಒಡೆದು ನಾನಾ ವಿಧವಾದ ಅನಿಲಗಳನ್ನು ಬಿಡುತ್ತದೆ. ಒಣಕಟ್ಟಿಗೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲಿಗೂ ಮೀರಿದ ಭಾಗ ಹೀಗೆ ಅನಿಲರೂಪವನ್ನು ತಾಳುತ್ತದೆ. ನಾವು ಜ್ವಾಲೆಯೆಂದು ಕರೆಯುವುದು ಈ ಅನಿಲಗಳ ಉರಿಯನ್ನು. ಕೊನೆಗೆ ಉಳಿಯುವುದು ಕೆಂಡ. ಅದು ಜ್ವಾಲೆಯಿಲ್ಲದೆ ನಿಧಾನವಾಗಿ ಉರಿದು ಬೂದಿಯಾಗುತ್ತದೆ.

ಇದರಿಂದ ಒಂದು ಸಂಗತಿ ವಿದಿತವಾಗುತ್ತದೆ. ಒಂದೇ ಒಲೆಯಲ್ಲಿ ಎರಡು ಉರಿಗಳಿವೆ. ಎರಡಕ್ಕೂ ಬೇರೆಬೇರೆ ಗಾಳಿ ಬೇಕು. ಕೆಂಡಕ್ಕೆ ಕೆಳಗಿನಿಂದ ಗಾಳಿ ಬರಬೇಕು. ಮೇಲೇಳುವ ಅನಿಲಕ್ಕೆ ಅದು ಇನ್ನೂ ಬಿಸಿಯಾಗಿರುವಾಗಲೇ ಮೇಲ್ಭಾಗದಲ್ಲಿ ಗಾಳಿ ಬೆರೆಯಬೇಕು. ಮೇಲಿನ ಗಾಳಿ ಸಾಲದೆ ಹೋದರೆ, ಅಥವಾ ಬೆರೆಯುವ ಮುನ್ನ ಅನಿಲವು ತಣ್ಣಗಾದರೆ, ಅದು ಉರಿಯದೆ ಹೊಗೆಯಾಗಿ ಹೋಗುತ್ತದೆ. ಹೊಗೆಯೆಂದರೆ ಬಹುಮಟ್ಟಿಗೆ ಉರಿಯದೆ ಹೋದ ಕಟ್ಟಿಗೆಯೇ. ಅಡಿಗೆಯವಳ ಕಣ್ಣನ್ನು ಉರಿಸುವುದೂ ಆಕೆಯ ಹೊರೆಯನ್ನು ಹೆಚ್ಚಿಸುವುದೂ ಒಂದೇ ದೋಷ.

ಗಾಳಿ ಹೆಚ್ಚಿದಷ್ಟೂ ಒಳ್ಳೆಯದೆಂದು ತೋರಬಹುದು, ಅದು ಸರಿಯಲ್ಲ. ಒಂದು ಕಿಲೋಗ್ರಾಂ ಒಣಕಟ್ಟಿಗೆ ಪೂರ್ಣವಾಗಿ ಉರಿಯಲು ಸುಮಾರು 6 ಕಿಲೋಗ್ರಾಂ ಗಾಳಿ ಸಾಕು. ಅಳತೆಯಲ್ಲಿ ಹೇಳುವುದಾದರೆ ಸುಮಾರು 5 ಘನಮೀಟರು. ವ್ಯವಹಾರದಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಅದನ್ನು ಬಹಳ ಮೀರಿ ಒಳನುಗ್ಗಿದ ಗಾಳಿಯು ಉರಿಗೆ ನೆರವಾಗದೆ ಒಲೆಯ ಶಾಖವನ್ನು ತಾನು ಹೀರಿಕೊಂಡು ಹೊರಟುಹೋಗುತ್ತದೆ, ಜ್ವಾಲೆ ತಂಪಾಗುತ್ತದೆ, ಪಾತ್ರೆಗೆ ತಲಪುವ ಶಾಖ ಕುಗ್ಗುತ್ತದೆ. ಆದುದರಿಂದ ಗಾಳಿಕಂಡಿಯ ಪ್ರಶ್ನೆ ಎಷ್ಟು, ಎಲ್ಲಿ, ಯಾವಾಗ ಎಂಬ ಮೂರರ ಹೊಂದಾಣಿಕೆಯ ಪ್ರಶ್ನೆ.

ಮೂರು ಗುಂಡುಗಳ ಒಲೆಯನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ವೈಚಿತ್ರ್ಯ ಕಂಡುಬರುತ್ತದೆ. ಅದರ ಸುತ್ತಲೂ ಬೇಕಾದುದಕ್ಕಿಂತ ಹೆಚ್ಚು ಗಾಳಿಯಿದೆ. ಆದರೆ ಕೆಂಡವು ಬೂದಿಯಲ್ಲಿ ಹೂತಿರುವುದರಿಂದ ಅದರ ಅಡಿಗೆ ಗಾಳಿಯೇ ಇಲ್ಲ. ಮೂರು ಕಡೆ ಮಣ್ಣಿನ ಗೋಡೆಯೆದ್ದು ಒಂದೇ ಬಾಯಿಯುಳ್ಳ ನಮ್ಮ ನಾಡಿನ ಒಲೆಯಲ್ಲಿ ಮೊದಲ ದೋಷ ಸ್ವಲ್ಪ ಕಡಿಮೆಯಾಗುತ್ತದೆ. ಎರಡನೆಯದು ಹಾಗೆಯೇ ಉಳಿಯುತ್ತದೆ. ಅದರ ಬಾಯಿ ಕಟ್ಟಿಗೆಗೂ ದಾರಿ, ಗಾಳಿಗೂ ದಾರಿ, ಹಲವು ವೇಳೆ ಹೊಗೆಗೂ ಅದೇ ದಾರಿ. ಮೂರು ಕೆಲಸಗಳನ್ನು ಒಂದೇ ಬಾಯಿಗೆ ಒಪ್ಪಿಸಿದುದರ ಫಲವನ್ನು ಅಡಿಗೆಯವಳು ಊದುಗೊಳವೆಯಿಂದ ತುಂಬಿಕೊಡಬೇಕಾಯಿತು.

3. ತಿದಿಯೂ ಊದುಗೊಳವೆಯೂ

ಬಳ್ಳಾರಿಯ ಸುತ್ತಣ ಪ್ರದೇಶದಲ್ಲಿ ಬೆಂಕಿಯ ಚರಿತ್ರೆ ಬಹು ಪ್ರಾಚೀನವಾದುದು. ಕುಡತಿನಿಯ ಸಮೀಪದ ಬೂದಿಗುಡ್ಡವನ್ನು 19ನೆಯ ಶತಮಾನದಲ್ಲಿ ನ್ಯೂಬೋಲ್ಡ್, ಬ್ರೂಸ್ ಫೂಟ್ ಮೊದಲಾದವರು ಪರಿಶೀಲಿಸಿದರು. ಇಂತಹ ಗುಡ್ಡಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಉಂಟಾದವೆಂಬ ಅಭಿಪ್ರಾಯವನ್ನು ಆಲ್ಚಿನ್ 1963ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಮರ್ಥಿಸಿದರು. ದನವೂ ಸಗಣಿಯೂ ಬೆಂಕಿಯೂ ಈ ನಾಡಿನಲ್ಲಿ ಒಟ್ಟಾಗಿ ಬಾಳಿದ ಕಾಲ ಸಹಸ್ರಾರು ವರ್ಷಗಳದು. ಇಂದಿಗೂ ಕುಳ್ಳು ಇಲ್ಲಿಯ ಒಲೆಗಳಿಂದ ಪೂರ್ಣವಾಗಿ ಮರೆಯಾಗಿಲ್ಲ.

ಕಬ್ಬಿಣವು ಬಳಕೆಗೆ ಬಂದಾಗ ಬೆಂಕಿಗೆ ಹೊಸ ಶಿಸ್ತು ಬಂದಿತು. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಿಂದ ದಕ್ಷಿಣದಲ್ಲಿ ಕಬ್ಬಿಣದ ಬಳಕೆ ಸುಮಾರು 3,000 ವರ್ಷಗಳಷ್ಟು ಹಿಂದಿನದೆಂದು ತಿಳಿದುಬಂದಿದೆ. ಅದುರಿನಿಂದ ಕಬ್ಬಿಣವನ್ನು ಬೇರ್ಪಡಿಸಲು ಬೇಕಾದ ಶಾಖ ಸುಮಾರು 1,200 ಡಿಗ್ರಿಗಳದು. ಚಿಕ್ಕ ಮಣ್ಣಿನ ಕುಲುಮೆಯಲ್ಲಿ ತಾನಾಗಿ ಬೀಸುವ ಗಾಳಿಯಿಂದ ಅಷ್ಟು ಶಾಖವನ್ನು ಪಡೆಯುವುದು ಕಷ್ಟಸಾಧ್ಯ. ಆದುದರಿಂದ ಚರ್ಮದ ತಿದಿಗಳು ಬಂದವು. ಒಂದು ತಿದಿ ಉಬ್ಬುವಾಗ ಇನ್ನೊಂದು ಕುಗ್ಗುವಂತೆ ಜೋಡಿಯಾಗಿ ಒತ್ತಿದರೆ ಗಾಳಿಯ ಧಾರೆ ಕಡಿಯುವುದಿಲ್ಲ. ಆ ಧಾರೆಯನ್ನು ಇದ್ದಿಲಿನ ನಡುವಿಗೆ ಒಯ್ಯಲು ಬೆಂಕಿಯನ್ನು ತಾಳಬಲ್ಲ ಮಣ್ಣಿನ ನಳಿಗೆಯಿತ್ತು. ಗಾಳಿಯ ಪ್ರಮಾಣ, ವೇಗ, ಅದು ಪ್ರವೇಶಿಸುವ ಸ್ಥಳ ಈ ಮೂರನ್ನೂ ಕಮ್ಮಾರನು ತನ್ನ ಹತೋಟಿಯಲ್ಲಿಟ್ಟುಕೊಂಡಿದ್ದನು.

1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಇಂತಹ ಕುಲುಮೆಗಳ ವರ್ಣನೆಯಿದೆ. ಆತನು ಕುಲುಮೆಯ ರಚನೆಯೊಡನೆ ಇದ್ದಿಲಿನ ವೆಚ್ಚವನ್ನೂ ಕೆಲಸಗಾರರಿಗೆ ಸಲ್ಲುವ ಪಾಲನ್ನೂ ಬರೆದಿಟ್ಟಿರುವುದು ನಮ್ಮ ಪ್ರಶ್ನೆಗೆ ಬಹಳ ಮುಖ್ಯವಾದುದು. ಕುಲುಮೆಯ ಇದ್ದಿಲಿಗೆ ಬೆಲೆಯಿತ್ತು. ಅದನ್ನು ಸುಡುವವನಿಗೆ ಕೂಲಿಯಿತ್ತು. ಕುಲುಮೆಯ ಫಲಕ್ಕೆ ತೆರಿಗೆಯಿತ್ತು. ಬೆಲೆಯುಳ್ಳ ಉರುವಲನ್ನು ವ್ಯರ್ಥಮಾಡಿದರೆ ನಷ್ಟವು ಕೂಡಲೆ ಲೆಕ್ಕಕ್ಕೆ ಬರುತ್ತಿತ್ತು.

ನಮ್ಮ ಸೀಮೆಯಲ್ಲಿಯೂ ಇದೇ ಸ್ಥಿತಿಯಿತ್ತು. ಹೊಸಪೇಟೆಯ ಸಮೀಪದ ಕಮಲಾಪುರದಲ್ಲಿ ಕಬ್ಬಿನ ಹಾಲನ್ನು ಕುದಿಸುವ ಕಬ್ಬಿಣದ ಕೊಪ್ಪರಿಗೆಗಳ ಕೈಗಾರಿಕೆಯಿದ್ದುದನ್ನು ಜಿಲ್ಲೆಯ ಹಳೆಯ ಗೆಜೆಟಿಯರು ಉಲ್ಲೇಖಿಸುತ್ತದೆ. ವಿಜಯನಗರದ ಕಾಲುವೆಗಳ ನೀರಿನಿಂದ ಬೆಳೆದ ಹೊಸಪೇಟೆ ಕಂಪ್ಲಿಗಳ ಕಬ್ಬಿಗೆ ಆ ಕೊಪ್ಪರಿಗೆಗಳು ಬೇಕಾಗಿದ್ದವು. ಆಲೆಮನೆಯ ಒಲೆಯಲ್ಲಿ ಉರಿಯುವುದು ಹಾಲು ಹಿಂಡಿದ ಕಬ್ಬಿನ ಸಿಪ್ಪೆ. ಅದು ಸಾಲದೆ ಬಂದರೆ ಕಟ್ಟಿಗೆಯನ್ನು ಕೊಳ್ಳಬೇಕು. ಆದುದರಿಂದ ಬೆಲ್ಲದ ಒಲೆಯ ಬಾಯಿ, ಅದರ ಆಳ, ಹೊಗೆ ಹೋಗುವ ದಾರಿ ಇವನ್ನು ಕುರಿತ ತಿಳಿವಳಿಕೆ ಆಲೆಮನೆಯವರಲ್ಲಿ ಪರಂಪರೆಯಾಗಿ ಬೆಳೆಯಿತು.

ಇನ್ನು ಅಡಿಗೆಯ ಒಲೆಯತ್ತ ನೋಡೋಣ. ಅಲ್ಲಿ ತಿದಿಯ ಸ್ಥಾನದಲ್ಲಿದ್ದುದು ಹೆಂಗಸಿನ ಉಸಿರು. ನಳಿಗೆಯ ಸ್ಥಾನದಲ್ಲಿದ್ದುದು ಊದುಗೊಳವೆ. ಊದುಗೊಳವೆಯನ್ನು ತುಚ್ಛವೆಂದು ಎಣಿಸಲಾಗದು. ಬೇಕಾದ ಗಾಳಿಯನ್ನು ಬೇಕಾದ ಎಡೆಗೆ ಬೇಕಾದ ಸಮಯದಲ್ಲಿ ಒಯ್ಯುವ ಸಾಧನ ಅದು. ತತ್ತ್ವದಲ್ಲಿ ಅದಕ್ಕೂ ಕಮ್ಮಾರನ ನಳಿಗೆಗೂ ಭೇದವಿಲ್ಲ. ಆದರೆ ಅದರ ಹಿಂದೆ ನಿಂತವಳು ಪ್ರತಿಯೊಂದು ಊದಿಗೂ ಮುಖವನ್ನು ಹೊಗೆಗೆ ಒಡ್ಡಬೇಕಾಗಿತ್ತು. ಗಾಳಿಯ ಮರ್ಮವನ್ನು ಬಲ್ಲ ನಾಡಿನಲ್ಲಿ ಅಡಿಗೆಯ ಒಲೆಗೆ ಆ ಮರ್ಮ ಏಕೆ ದಾಟಲಿಲ್ಲ? ನಮ್ಮ ಅಭಿಪ್ರಾಯದಲ್ಲಿ ಜ್ಞಾನದ ಅಭಾವ ಇದಕ್ಕೆ ಕಾರಣವಲ್ಲ. ಅಡಿಗೆಯ ಕಟ್ಟಿಗೆಯನ್ನು ಬಹುಮಟ್ಟಿಗೆ ಕೊಂಡುತಂದುದಿಲ್ಲ, ಆಯ್ದುತಂದುದು. ಆಯ್ದು ತಂದವಳಿಗೆ ಕೂಲಿಯಿರಲಿಲ್ಲ. ಬೆಲೆಯಿಲ್ಲದ ಕಟ್ಟಿಗೆಯನ್ನು ಕೂಲಿಯಿಲ್ಲದ ಕೈ ಉರಿಸುವಾಗ ಆದ ನಷ್ಟ ಯಾರ ಲೆಕ್ಕಕ್ಕೂ ಬರಲಿಲ್ಲ.

4. ಮೊದಲ ಸುಧಾರಣೆಗಳು

ಅಡಿಗೆಯ ಒಲೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಪ್ರಯತ್ನಗಳಲ್ಲಿ ರಮ್‌ಫೋರ್ಡ್ ಎಂಬಾತನದು ಪ್ರಸಿದ್ಧವಾದುದು. ಬವೇರಿಯದ ಸೇವೆಯಲ್ಲಿದ್ದ ಈತನು 18ನೆಯ ಶತಮಾನದ ಕೊನೆಯಲ್ಲಿ ಮ್ಯೂನಿಕ್ ನಗರದಲ್ಲಿ ಬಡವರ ಭೋಜನಶಾಲೆಗಳಿಗಾಗಿ ಇಟ್ಟಿಗೆಯ ಮುಚ್ಚೊಲೆಗಳನ್ನು ಕಟ್ಟಿಸಿದನು. ಉರಿಯನ್ನು ಜಾಲರಿಯ ಮೇಲೆ ಇರಿಸಿ, ಬೂದಿಯ ಕುಳಿಯ ಬಾಗಿಲಿನಿಂದ ಗಾಳಿಯನ್ನು ಹದಗೊಳಿಸುವುದು ಆತನ ಕ್ರಮ. ಅಲ್ಲಿಯೂ ಪ್ರೇರಣೆ ಬಂದುದು ಲೆಕ್ಕದಿಂದಲೇ ಎಂಬುದು ಗಮನಾರ್ಹ. ಬಹುಜನರಿಗೆ ಸರ್ಕಾರದ ವೆಚ್ಚದಲ್ಲಿ ಅಡಿಗೆಯಾಗಬೇಕಾದಾಗ ಕಟ್ಟಿಗೆಯ ಬೆಲೆ ಕಣ್ಣಿಗೆ ಬಿದ್ದಿತು.

ಭಾರತದಲ್ಲಿ ಈ ಕಾರ್ಯ ಗ್ರಾಮೋದ್ಯೋಗ ಚಳುವಳಿಯೊಡನೆ ಬೆಳೆಯಿತು. 1934ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಕೇಂದ್ರ ವಾರ್ಧಾದ ಮಗನವಾಡಿಯಲ್ಲಿತ್ತು. ಅಲ್ಲಿ ರೂಪುಗೊಂಡ ಹೊಗೆಯಿಲ್ಲದ ಒಲೆಯು ಮಗನ್ ಚೂಲಾ ಎಂದು ಹೆಸರಾಯಿತು. ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದಲ್ಲಿ ಎಸ್. ಪಿ. ರಾಜು ಅವರು ಮಣ್ಣಿನಿಂದಲೇ ಕಟ್ಟಬಹುದಾದ, ಹಲವು ಪಾತ್ರೆಗಳನ್ನು ಇಡಬಹುದಾದ, ಹೊಗೆಕೊಳವೆಯುಳ್ಳ ಒಲೆಯನ್ನು ಸಿದ್ಧಪಡಿಸಿ 1953ರಲ್ಲಿ ಅದನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು.

ಈ ಒಲೆಗಳ ಹಿಂದಿನ ಕರುಣೆಯನ್ನು ನಾವು ಗೌರವಿಸುತ್ತೇವೆ. ಅಡಿಗೆಯವಳ ಕಣ್ಣಿನ ಉರಿಯನ್ನು ದೇಶದ ಪ್ರಶ್ನೆಯನ್ನಾಗಿ ಮಾಡಿದ ಕೀರ್ತಿ ಅವುಗಳಿಗೆ ಸಲ್ಲಬೇಕು. ಆದರೆ ಅವುಗಳ ಮುಖ್ಯ ಗುರಿ ಹೊಗೆಯನ್ನು ಮನೆಯಿಂದ ಆಚೆಗೆ ಸಾಗಿಸುವುದಾಗಿತ್ತು. ಹೊಗೆಯೇ ಹುಟ್ಟದಂತೆ ಉರಿಸುವ ಪ್ರಶ್ನೆಗೆ ಅಷ್ಟು ಗಮನ ದೊರೆಯಲಿಲ್ಲ. ಹೊಗೆಕೊಳವೆಯು ಬಿಸಿಯಾದಾಗ ಒಲೆಯ ಬಾಯಿಯಿಂದ ಗಾಳಿಯನ್ನು ಬಲವಾಗಿ ಸೆಳೆಯುತ್ತದೆ. ಬಾಯಿ ಅಗಲವಾಗಿದ್ದು ಅದಕ್ಕೆ ಹದವಿಲ್ಲದಿದ್ದರೆ ಬೇಡದ ಗಾಳಿ ನುಗ್ಗಿ ಜ್ವಾಲೆಯನ್ನು ತಂಪುಮಾಡುತ್ತದೆ, ಶಾಖವನ್ನು ಕೊಳವೆಯ ಮೂಲಕ ಆಕಾಶಕ್ಕೆ ಒಯ್ಯುತ್ತದೆ. ಹೀಗಾಗಿ ಅಡಿಗೆಮನೆ ಹಗುರವಾದರೂ ಕಟ್ಟಿಗೆಯ ಹೊರೆ ಹಗುರವಾಗಲಿಲ್ಲ.

5. ಅಸ್ತ್ರ ಒಲೆ

ಕಟ್ಟಿಗೆಯ ಲೆಕ್ಕ ಕೊನೆಗೂ ಬರೆಯಲ್ಪಟ್ಟುದು ಕರ್ಣಾಟಕದ ಹಳ್ಳಿಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾಧ್ಯಾಪಕ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಗ್ರಾಮಗಳಿಗೆ ವಿಜ್ಞಾನವನ್ನು ಅನ್ವಯಿಸುವ ಉದ್ದೇಶದಿಂದ ಅಸ್ತ್ರ ಎಂಬ ಕೇಂದ್ರ ಆರಂಭವಾಯಿತು. ಹಿಂದಿನ ವರ್ಷವಷ್ಟೇ ಜಗತ್ತಿನಲ್ಲಿ ಪೆಟ್ರೋಲಿಯಂ ಬೆಲೆ ಏರಿ ಇಂಧನದ ಚಿಂತೆ ಎಲ್ಲೆಡೆ ಹಬ್ಬಿತ್ತು. ಅಸ್ತ್ರದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ವಿಸ್ತರಣ ಕೇಂದ್ರವನ್ನು ತೆರೆದು, ಪುರ ಮೊದಲಾದ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಯಾವ ಕೆಲಸಕ್ಕೆ ಯಾವ ಶಕ್ತಿ ಎಷ್ಟು ವ್ಯಯವಾಗುತ್ತದೆಂಬುದನ್ನು ಅಳೆದರು. ಪೇಟೆಯವರು ಇಂಧನವೆಂದೊಡನೆ ಸೀಮೆಎಣ್ಣೆ ವಿದ್ಯುಚ್ಛಕ್ತಿಗಳನ್ನು ನೆನೆಯುತ್ತಾರೆ. ಈ ಹಳ್ಳಿಗಳ ಶಕ್ತಿಯ ಬಹುಪಾಲು ಕಟ್ಟಿಗೆಯಿಂದ ಬರುತ್ತಿತ್ತು. ಅದರಲ್ಲಿ ಬಹುಪಾಲು ಅಡಿಗೆಗೆ ಹೋಗುತ್ತಿತ್ತು. ಅದನ್ನು ಒದಗಿಸುವುದರಲ್ಲಿ ಹೆಂಗಸರ ಮತ್ತು ಮಕ್ಕಳ ಹೊತ್ತು ಸವೆಯುತ್ತಿತ್ತು. ಬುಕಾನನ್ ಕುಲುಮೆಗೆ ಮಾಡಿದ ಲೆಕ್ಕವನ್ನು ಒಲೆಗೆ ಮಾಡಲು ಇನ್ನೂ ಸುಮಾರು 175 ವರ್ಷಗಳು ಬೇಕಾದವು.

ಆ ಲೆಕ್ಕದಿಂದ ಒಲೆಯ ಸಂಶೋಧನೆ ಹುಟ್ಟಿತು. ಕೆ. ಎಸ್. ಜಗದೀಶ್, ಎಸ್. ಎಸ್. ಲೋಕರಸ್ ಮೊದಲಾದವರ ಪರಿಶ್ರಮದಿಂದ 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆಗಳ ಅಸ್ತ್ರ ಒಲೆ ಸಿದ್ಧವಾಯಿತು. ಅವರು ಪ್ರಾರಂಭದಲ್ಲಿಯೇ ಗಾಳಿಯ ಪ್ರಮಾಣದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಹೆಚ್ಚುವರಿ ಗಾಳಿಯನ್ನು ತಡೆದರೆ ಜ್ವಾಲೆಯ ಶಾಖ ಏರುತ್ತದೆ. ಏರಿದ ಶಾಖದಲ್ಲಿ ಅನಿಲಗಳು ಪೂರ್ಣವಾಗಿ ಉರಿಯುತ್ತವೆ. ಪಾತ್ರೆಗೂ ಶಾಖ ಬೇಗ ತಲಪುತ್ತದೆ. ಇದಕ್ಕಾಗಿ ಉರಿಗೂಡನ್ನು ಸುತ್ತಲೂ ಮುಚ್ಚಿದರು. ಕಟ್ಟಿಗೆಯನ್ನು ಕಬ್ಬಿಣದ ಜಾಲರಿಯ ಮೇಲೆ ಇರಿಸಿದುದರಿಂದ ಕೆಂಡಕ್ಕೆ ಅಡಿಯಿಂದ ಗಾಳಿ ದೊರೆಯಿತು, ಬೂದಿ ಕೆಳಕ್ಕೆ ಉದುರಿತು. ಜ್ವಾಲೆಗೆ ಬೇಕಾದ ಮೇಲಿನ ಗಾಳಿಗೆ ಬೇರೆ ಕಂಡಿಗಳನ್ನು ಬಿಟ್ಟರು. ಪಾತ್ರೆಗಳು ಒಲೆಯ ರಂಧ್ರಗಳಲ್ಲಿ ಒಳಕ್ಕೆ ಇಳಿದು ಕುಳಿತವು. ಬಿಸಿಗಾಳಿಯು ಮೊದಲನೆಯ ಪಾತ್ರೆಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ತಾಗಿ ಹೊಗೆಕೊಳವೆಯನ್ನು ಸೇರಿತು. ಒಂದು ಬಾಯಿಗೆ ಒಪ್ಪಿಸಲ್ಪಟ್ಟಿದ್ದ ಮೂರು ಕೆಲಸಗಳು ಇಲ್ಲಿ ಪ್ರತ್ಯೇಕವಾದವು: ಕಟ್ಟಿಗೆಗೆ ಒಂದು ದಾರಿ, ಗಾಳಿಗೆ ಒಂದು ದಾರಿ, ಹೊಗೆಗೆ ಇನ್ನೊಂದು.

ಸಾಮಾನ್ಯವಾದ ತೆರೆದ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ಶೇಕಡ 10ರ ಆಸುಪಾಸಿನ ಭಾಗ ಮಾತ್ರ ಪಾತ್ರೆಗೆ ಸಲ್ಲುತ್ತದೆಂದು ಲೆಕ್ಕಹಾಕುವುದು ವಾಡಿಕೆ. ಅಸ್ತ್ರ ಒಲೆಯಲ್ಲಿ ಪ್ರಯೋಗಶಾಲೆಯ ಪರೀಕ್ಷೆಗಳು ಶೇಕಡ 30ಕ್ಕೂ ಮೀರಿದ ಫಲವನ್ನು ತೋರಿದವು. ಮೂರು ಪಟ್ಟು ಹೆಚ್ಚಿದ ಈ ಫಲಕ್ಕೆ ಬಳಸಿದ ಸಾಮಗ್ರಿ ಮಣ್ಣು, ಒಂದು ಜಾಲರಿ, ಒಂದು ಕೊಳವೆ ಇಷ್ಟೇ.

6. ಒಡೆದ ಬಾಯಿಗಳು

1983ರಲ್ಲಿ ಭಾರತ ಸರ್ಕಾರವು ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಕರ್ಣಾಟಕದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರವಿದ್ಯಾ ಮಂಡಲಿಯು ಅಸ್ತ್ರ ಒಲೆಯ ಪ್ರಸಾರದಲ್ಲಿ ಮುಂದಾಯಿತು. 2002ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ನಿಲ್ಲುವ ವೇಳೆಗೆ ದೇಶದಲ್ಲಿ ನಾನಾ ಮಾದರಿಯ ಮೂರು ಕೋಟಿಗೂ ಹೆಚ್ಚು ಒಲೆಗಳು ಹಂಚಿಕೆಯಾಗಿದ್ದವೆಂದು ಸರ್ಕಾರದ ಲೆಕ್ಕ. ಆದರೆ ಕಟ್ಟಿದ ಒಲೆಗಳೆಲ್ಲ ಬಳಕೆಯಲ್ಲಿ ಉಳಿಯಲಿಲ್ಲ. ಕೆಲವು ಕೆಲವೇ ವರ್ಷಗಳಲ್ಲಿ ಶಿಥಿಲವಾದವು. ಕೆಲವು ರೂಪಾಂತರ ಹೊಂದಿದವು. ರೂಪಾಂತರ ಹೆಚ್ಚಾಗಿ ನಡೆದುದು ಉರಿಗೂಡಿನ ಬಾಯಿಯಲ್ಲಿಯೇ. ಬಾಯಿಯನ್ನು ಅಗಲಿಸಿದೊಡನೆ ಗಾಳಿಯ ಹದ ಕೆಟ್ಟು ಒಲೆಯ ಗುಣವು ಹಳೆಯ ಒಲೆಯ ಸಮಕ್ಕೆ ಇಳಿಯುತ್ತದೆ.

ಇದಕ್ಕೆ ಅಡಿಗೆಯವರ ಅಜ್ಞಾನವೇ ಕಾರಣವೆಂಬ ಮಾತು ಅನೇಕ ಕಡೆ ಕೇಳಿಬರುತ್ತದೆ. ಈ ಮಾತನ್ನು ನಾವು ಒಪ್ಪಲಾರೆವು. ಚೋರನೂರಿನ ಸುತ್ತಮುತ್ತ ಅಡಿಗೆಮನೆಗಳನ್ನು ನೋಡುತ್ತ ಹೋದಾಗ ಒಂದು ಮನೆಯಲ್ಲಿ ಇಂತಹ ಹಳೆಯ ಒಲೆಯೊಂದು ನಮಗೆ ಕಂಡಿತು. ಅದರ ಬಾಯಿಯನ್ನು ಅಂಗೈಯಗಲ ಒಡೆದು ಮತ್ತೆ ಸಗಣಿಮಣ್ಣಿನಿಂದ ನಯವಾಗಿ ಸಾರಿಸಿದ್ದರು. ಕೆಡಿಸುವ ಉದ್ದೇಶವಿದ್ದವರು ಹಾಗೆ ಸಾರಿಸುವುದಿಲ್ಲ. ಏಕೆ ಒಡೆದಿರೆಂದು ಮನೆಯ ಹಿರಿಯ ಹೆಂಗಸನ್ನು ಕೇಳಿದೆವು. "ಕಟ್ಟಿಗಿ ಉದ್ದ ಅದಾವು, ಬಾಯಿ ಸಣ್ಣದಾತು. ದಿನಾ ಕಡಕೊಂತ ಕುಂದ್ರಾಕ ನನಗ ಪುರುಸೊತ್ತು ಎಲ್ಲೈತ್ರೀ?" ಎಂದು ಆಕೆ ನಮಗೇ ಮರುಪ್ರಶ್ನೆ ಹಾಕಿದಳು.

ಈ ಮರುಪ್ರಶ್ನೆಯಲ್ಲಿ ವಿಚಾರದ ತಿರುಳಿದೆ. ಈ ಸೀಮೆಯ ಉರುವಲಿನಲ್ಲಿ ಬಳ್ಳಾರಿ ಜಾಲಿಗೆ ದೊಡ್ಡ ಪಾಲುಂಟು. ಪರದೇಶದಿಂದ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ಬಂದ ಈ ಮುಳ್ಳುಮರ ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತು ನಿಂತಿದೆ. ಅದರ ಕಟ್ಟಿಗೆ ಗಟ್ಟಿ, ಉರಿ ಬಲವಾದುದು. ಆದರೆ ಕೊಂಬೆ ಸೊಟ್ಟ, ಮುಳ್ಳು ಅಪಾರ. ಅದನ್ನು ಗೇಣುದ್ದಕ್ಕೆ ತುಂಡರಿಸುವುದು ಕೊಡಲಿಯ ಕೆಲಸ. ಹತ್ತಿಯ ಕಟ್ಟಿಗೆ, ತೊಗರಿಯ ಕಟ್ಟಿಗೆಗಳು ತೆಳ್ಳಗೆ ಉದ್ದವಾಗಿದ್ದು ಬೇಗ ಉರಿದುಹೋಗುತ್ತವೆ; ಅವನ್ನು ಬಾಯಿಯಿಂದ ಹೊರಕ್ಕೆ ಚಾಚಿ ಸ್ವಲ್ಪಸ್ವಲ್ಪವಾಗಿ ಒಳಕ್ಕೆ ದೂಡುತ್ತಿರುವುದೇ ಅನುಕೂಲ. ಕುಳ್ಳಿಗಂತೂ ಅಗಲವಾದ ಬಾಯಿ ಬೇಕು. ಸಣ್ಣ ಬಾಯಿಯ ಒಲೆಯು ಕಟ್ಟಿಗೆಯನ್ನು ಉಳಿಸುತ್ತದೆ, ಆದರೆ ಕಡಿಯುವ ದುಡಿಮೆಯನ್ನು ಹೆಚ್ಚಿಸುತ್ತದೆ. ಉಳಿತಾಯದ ಲೆಕ್ಕವನ್ನು ಬರೆದವರು ಈ ಹೊಸ ದುಡಿಮೆಯನ್ನು ಅದರಲ್ಲಿ ಸೇರಿಸಲಿಲ್ಲ. ಆಕೆ ತನ್ನ ಲೆಕ್ಕದಲ್ಲಿ ಸೇರಿಸಿದಳು. ಆ ಲೆಕ್ಕದ ಪ್ರಕಾರ ಬಾಯಿಯನ್ನು ಒಡೆದಳು.

ರೊಟ್ಟಿಯ ವಿಷಯವೂ ಇಲ್ಲಿ ಗಣನೀಯ. ಮೂರು ಪಾತ್ರೆಗಳ ಒಲೆ ಅನ್ನ, ಸಾರು, ಬಿಸಿನೀರು ಏಕಕಾಲದಲ್ಲಿ ಆಗುವ ಅಡಿಗೆಗೆ ಹೊಂದಿಕೆಯಾಗುವಂಥದು. ಇಲ್ಲಿಯ ಊಟದ ಆಧಾರ ಜೋಳದ ರೊಟ್ಟಿ. ಅದಕ್ಕೆ ಅಗಲವಾದ ಹೆಂಚು ಬೇಕು. ಹೆಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡದ ಎದುರಿಗೆ ಒಡ್ಡಿ ಉಬ್ಬಿಸುವ ರೂಢಿಯುಂಟು. ಬಾಯಿಯನ್ನು ಮುಚ್ಚಿದ ಒಲೆಯಲ್ಲಿ ಈ ರೂಢಿಗೆ ಎಡೆಯಿಲ್ಲ. ಅಲ್ಲದೆ ಬೂದಿಯನ್ನು ದಿನವೂ ತೆಗೆಯದಿದ್ದರೆ ಜಾಲರಿಯ ಅಡಿಯ ಗಾಳಿ ನಿಲ್ಲುತ್ತದೆ. ಹೊಗೆಕೊಳವೆಯ ಮಸಿಯನ್ನು ಆಗಾಗ ಕೆರೆಯದಿದ್ದರೆ ಹೊಗೆ ಹಿಂದಿರುಗುತ್ತದೆ. ಮಾಳಿಗೆಯ ಮೇಲೆ ಹತ್ತಿ ಕೊಳವೆಯನ್ನು ಶುದ್ಧಮಾಡುವ ಕೆಲಸ ಯಾರದೆಂದು ಕಾರ್ಯಕ್ರಮದ ಕಾಗದಗಳು ಗೊತ್ತುಪಡಿಸಿದರೂ ಮನೆಯೊಳಗೆ ಅದು ಗೊತ್ತಾಗಬೇಕಲ್ಲವೆ?

ಈ ಅನುಭವ ನಮ್ಮ ಸೀಮೆಗೆ ಮಾತ್ರ ಮೀಸಲಾದುದಲ್ಲ. ಒಡಿಶಾದಲ್ಲಿ ಹಂಚಿದ ಸುಧಾರಿತ ಒಲೆಗಳನ್ನು ರೇಮಾ ಹ್ಯಾನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ನಾಲ್ಕು ವರ್ಷಗಳ ಕಾಲ ಪರಿಶೀಲಿಸಿ 2016ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಮೊದಲ ವರ್ಷ ಅಡಿಗೆಯವರ ದೇಹಕ್ಕೆ ಸೇರುವ ಹೊಗೆ ಕಡಿಮೆಯಾಯಿತು. ಅನಂತರ ಆ ಪ್ರಯೋಜನ ಉಳಿಯಲಿಲ್ಲ. ಒಲೆಗಳನ್ನು ಕ್ರಮವಾಗಿ ಬಳಸದೆ, ದುರಸ್ತಿಯಲ್ಲಿ ಇಟ್ಟುಕೊಳ್ಳದೆ ಹೋದುದು ಅದಕ್ಕೆ ಕಾರಣವೆಂದು ಅವರು ಹೇಳಿದ್ದಾರೆ. ಪ್ರಯೋಗಶಾಲೆಯ ಒಲೆಗೂ ಮನೆಯ ಒಲೆಗೂ ಇರುವ ಅಂತರವು ದುಡಿಮೆಯ ಅಂತರವೆಂಬುದು ಇದರಿಂದ ದೃಢಪಡುತ್ತದೆ.

7. ಬೀಸಣಿಗೆಯ ಒಲೆ

ಸುಮಾರು 2006ರ ವೇಳೆಗೆ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಇನ್ನೊಂದು ಬಗೆಯ ಉತ್ತರ ಬಂದಿತು. ಪ್ರಾಧ್ಯಾಪಕ ಎಚ್. ಎಸ್. ಮುಕುಂದ ಅವರೂ ಅವರ ಸಹೋದ್ಯೋಗಿಗಳೂ ಬ್ರಿಟಿಷ್ ತೈಲ ಸಂಸ್ಥೆಯಾದ ಬಿ.ಪಿ.ಯ ಸಹಯೋಗದಿಂದ ರೂಪಿಸಿದ ಊರ್ಜಾ ಒಲೆಯಲ್ಲಿ ಚಿಕ್ಕ ವಿದ್ಯುತ್ ಬೀಸಣಿಗೆಯೊಂದು ಗಾಳಿಯನ್ನು ಎರಡು ಪಾಲಾಗಿ ಕಳುಹಿಸುತ್ತದೆ. ಅಡಿಯ ಪಾಲು ಉರುವಲಿನ ಗಟ್ಟಿಗಳಿಂದ ಅನಿಲವನ್ನು ಹೊರಡಿಸುತ್ತದೆ. ಮೇಲ್ಭಾಗದ ರಂಧ್ರಗಳಿಂದ ಬರುವ ಪಾಲು ಆ ಅನಿಲದೊಡನೆ ಬೆರೆತು ಅದನ್ನು ಶುದ್ಧವಾಗಿ ಉರಿಸುತ್ತದೆ. ತಿದಿಯು ಕುಲುಮೆಯಿಂದ ಅಡಿಗೆಮನೆಗೆ ಬಂದಂತಾಯಿತು. ಊದುಗೊಳವೆಯ ಕೆಲಸ ಯಂತ್ರದ ಪಾಲಾಯಿತು.

ಈ ಒಲೆ ಲಕ್ಷಾಂತರ ಮನೆಗಳನ್ನು ತಲಪಿತು. ಆದರೆ ಇದು ಕೃಷಿಯ ಕಸದಿಂದ ಒತ್ತಿ ಮಾಡಿದ ಗಟ್ಟಿಗಳನ್ನು ಮಾತ್ರ ಉರಿಸುವಂಥದು. ಆ ಕಸಕ್ಕೆ ಕೈಗಾರಿಕೆಗಳಿಂದ ಬೇಡಿಕೆ ಬಂದು ಬೆಲೆ ಏರಿದಾಗ ಗಟ್ಟಿಯ ಬೆಲೆಯೂ ಏರಿ, ಮನೆಗಳಲ್ಲಿ ಒಲೆಯ ಬಳಕೆ ಕುಗ್ಗಿತು. ಆಯ್ದ ಕಟ್ಟಿಗೆಗೆ ಬೆಲೆಯಿಲ್ಲದಿದ್ದುದು ಹಳೆಯ ಒಲೆಯ ಉಪೇಕ್ಷೆಗೆ ಕಾರಣವಾಗಿತ್ತು. ಉರುವಲಿಗೆ ಬೆಲೆ ಬಂದುದು ಹೊ‌ಸ ಒಲೆಗೆ ವಿಘ್ನವಾಯಿತು. ಬೆಲೆಯ ಪ್ರಶ್ನೆಯನ್ನು ಬಿಟ್ಟು ಗಾಳಿಯ ಪ್ರಶ್ನೆಯನ್ನು ಮಾತ್ರ ಬಿಡಿಸುವುದು ಸಾಧ್ಯವಿಲ್ಲವೆಂದು ಇದರಿಂದ ತಿಳಿಯಬಹುದು.

ಇಷ್ಟರಲ್ಲಿ ಅನಿಲದ ಒಲೆ ವ್ಯಾಪಕವಾಗಿ ಹರಡಿತು. 2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆಯಲ್ಲಿ ದೇಶದ 10 ಕೋಟಿಗೂ ಮೀರಿದ ಬಡಕುಟುಂಬಗಳಿಗೆ ಅನಿಲದ ಸಂಪರ್ಕ ದೊರೆತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ಣಾಟಕದಲ್ಲಿ ಸುಮಾರು ಶೇಕಡ 80 ಮನೆಗಳು ಅಡಿಗೆಗೆ ಶುದ್ಧ ಇಂಧನವನ್ನು ಮುಖ್ಯವಾಗಿ ಬಳಸುತ್ತಿದ್ದವು. ಹಾಗೆಂದು ಕಟ್ಟಿಗೆಯ ಒಲೆ ಆರಿಹೋಯಿತೆಂದು ತಿಳಿಯಬಾರದು. ನಾವು ಕಂಡ ಮನೆಗಳಲ್ಲಿ ಚಹಕ್ಕೂ ಸಾರಿಗೂ ಅನಿಲವುಂಟು. ರೊಟ್ಟಿಗೂ ಸ್ನಾನದ ನೀರಿಗೂ ಕಟ್ಟಿಗೆಯೇ ಗತಿ. ಸಿಲಿಂಡರು ಮುಗಿದ ದಿನ ಎಲ್ಲಕ್ಕೂ ಅದೇ ಆಧಾರ. ಮನೆಯೊಳಗಣ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಅಕಾಲಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದುದರಿಂದ ಗಾಳಿಕಂಡಿಯ ವಿಚಾರ ಪ್ರಾಚ್ಯವಸ್ತುಗಳ ಸಾಲಿಗೆ ಇನ್ನೂ ಸೇರಿಲ್ಲ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳನ್ನು ಮುಂದಿಡಬಹುದಾಗಿದೆ. ಮೊದಲನೆಯದಾಗಿ, ಉರಿಗೆ ಗಾಳಿಯನ್ನು ಹದವಾಗಿ ಒದಗಿಸುವ ವಿದ್ಯೆ ಕರ್ಣಾಟಕದಲ್ಲಿ ಪ್ರಾಚೀನಕಾಲದಿಂದಲೂ ಇತ್ತು. ಆದರೆ ಅದು ಉರುವಲಿಗೆ ಬೆಲೆಯಿದ್ದ ಕಡೆ ಬೆಳೆದು, ಬೆಲೆಯಿಲ್ಲದ ಕಡೆ ಬೆಳೆಯದೆ ಉಳಿಯಿತು. ಎರಡನೆಯದಾಗಿ, ಅಡಿಗೆಯ ಕಟ್ಟಿಗೆಯನ್ನು ಅಳೆದ ಮೇಲೆ ಸ್ವಲ್ಪ ವರ್ಷಗಳಲ್ಲಿಯೇ ಉತ್ತಮವಾದ ಒಲೆ ಸಿದ್ಧವಾಯಿತು. ಮೂರನೆಯದಾಗಿ, ಆ ಒಲೆ ಬಾಳದೆ ಹೋದ ಕಡೆಗಳಲ್ಲಿ ಅಳತೆ ಅರ್ಧಕ್ಕೆ ನಿಂತುದು ಮುಖ್ಯ ಕಾರಣಗಳಲ್ಲಿ ಒಂದು. ಕಟ್ಟಿಗೆಯನ್ನು ಅಳೆದರು, ಕಡಿಯುವ ಕೈಯ ಹೊತ್ತನ್ನು ಅಳೆಯಲಿಲ್ಲ.

ಒಡೆದ ಬಾಯಿಯ ಒಲೆಯನ್ನು ಸೋತ ಯೋಜನೆಯ ಅವಶೇಷವೆಂದು ವರದಿಗಳು ಬರೆಯುತ್ತವೆ. ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಅದನ್ನು ಒಂದು ದಾಖಲೆಯೆಂದು ಓದಬೇಕು. ಎಷ್ಟು ಅಗಲಕ್ಕೆ ಒಡೆದಿದೆ, ಯಾವ ಕಟ್ಟಿಗೆಗಾಗಿ ಒಡೆದಿದೆ, ಅನಂತರ ಅದನ್ನು ಹೇಗೆ ಸಾರಿಸಿದೆ ಎಂಬುದರಲ್ಲಿ ಅಕ್ಷರ ಬಾರದವಳ ಅಭಿಪ್ರಾಯ ಬರೆಯಲ್ಪಟ್ಟಿದೆ. ಸಂಡೂರು, ಹೊಸಪೇಟೆ, ಕಂಪ್ಲಿ ಸೀಮೆಗಳಲ್ಲಿ ಇಂತಹ ಒಲೆಗಳು ಇನ್ನೂ ಉಳಿದಿವೆ. ಮನೆಗಳನ್ನು ಹೊಸದಾಗಿ ಕಟ್ಟಿಸುತ್ತಿರುವುದರಿಂದ ವರ್ಷವರ್ಷವೂ ಕಡಿಮೆಯಾಗುತ್ತಿವೆ. ಅವು ಪೂರ್ಣವಾಗಿ ಮರೆಯಾಗುವ ಮುನ್ನ ಅವುಗಳ ಅಳತೆಗಳನ್ನೂ ಅವನ್ನು ಬಳಸಿದವರ ಮಾತುಗಳನ್ನೂ ಸಂಗ್ರಹಿಸುವ ಕಾರ್ಯವನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳು ಕೈಗೊಂಡರೆ ಈ ಲೇಖನದ ಶ್ರಮ ಸಾರ್ಥಕವಾದೀತು.